ಅಪ್ಪನ ಫೈಲು ಹಿಡಿದ ಮಗುವಿಗೆ

ನಿನ್ನ ಅಪ್ಪನಿಗೆ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾದ ದಿನವೇ ಆಸ್ಪತ್ರೆಯ ಫೈಲು ನಿನ್ನ ಕೈಗೆ ಬಂತು. ಬರಬೇಕಾದ್ದೇ. ಮನೆಯಲ್ಲಿ ಇಂಗ್ಲಿಷು ಸರಾಗವಾಗಿ ಓದುವ ಜೀವ ನೀನು, ಬೆಂಗಳೂರಿನಲ್ಲೋ ಅಮೆರಿಕದಲ್ಲೋ ತಿಂಗಳ ಸಂಬಳ ಎಣಿಸುವ ಜೀವವೂ ನೀನೇ. ಚಿಕ್ಕಪ್ಪ, ದೊಡ್ಡಮ್ಮ ಎಲ್ಲರೂ ನಿನ್ನ ಬಾಯಿ ನೋಡುತ್ತಿದ್ದಾರೆ. ನೀನೋ, ರಾತ್ರಿಯೆಲ್ಲ ಫೋನು ಉಜ್ಜಿ ಉಜ್ಜಿ ಒಂದು ಹೊಸ ಹೆಸರು ಹಿಡಿದುಕೊಂಡು ಬಂದಿದ್ದೀಯ: ಸಿಟಿ ಡಿಎನ್‌ಎ ಪರೀಕ್ಷೆ. ಒಂದಿಷ್ಟು ರಕ್ತ ಕೊಟ್ಟರೆ ಸಾಕಂತೆ, ಕ್ಯಾನ್ಸರ್ ಇದೆಯೋ ಹೋಯಿತೋ ಗೊತ್ತಾಗುತ್ತದಂತೆ. ಆಪರೇಷನ್ ಬೇಕೋ ಬೇಡವೋ, ಕೀಮೋ ಬೇಕೋ ಬೇಡವೋ ಅದೇ ಹೇಳಿಬಿಡುತ್ತದಂತೆ. ನಾಳೆಯೇ ಮಾಡಿಸಬೇಕು ಅಂತ ತುದಿಗಾಲಲ್ಲಿ ನಿಂತಿದ್ದೀಯ.

ಕೂತುಕೋ. ಮೊದಲು ಒಂದು ಲೋಟ ನೀರು ಕುಡಿ. ಈ ರೋಗಕ್ಕೆ ಆಪರೇಷನ್ ಮಾಡುತ್ತಲೇ ಮುಪ್ಪಾದ ಜೀವ ನನ್ನದು. ನಿನ್ನ ಹಾಗೆ ಫೈಲು ಬಗಲಲ್ಲಿಟ್ಟುಕೊಂಡು ಬಂದ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಒಳ್ಳೆಯ ಮಕ್ಕಳು. ಆದರೆ ಉತ್ತರ ಬೇಕು ಅನ್ನುವ ಆತುರದಲ್ಲಿ ಪ್ರಶ್ನೆ ಏನು ಅನ್ನುವುದನ್ನೇ ಮರೆತಿರುತ್ತಾರೆ. ಅದಕ್ಕೇ ನಿನಗೆ ಮೊದಲಿಗೇ ಹೇಳುತ್ತೇನೆ. ಸೂಜಿ ಚುಚ್ಚಿಸುವ ಮುಂಚೆ ಡಾಕ್ಟರ ಎದುರು ಕೂತು ಎರಡು ಸಾಲು ಬರೆದುಕೋ. ಪಾಸಿಟಿವ್ ಬಂದರೆ ನಾವು ಏನು ಮಾಡುತ್ತೇವೆ? ನೆಗೆಟಿವ್ ಬಂದರೆ ಏನು ಮಾಡುತ್ತೇವೆ? ಎರಡಕ್ಕೂ ಒಂದೇ ಉತ್ತರ ಬಂದರೆ ಆ ಪರೀಕ್ಷೆ ಈಗ ಬೇಡ. ದುಡ್ಡು ಉಳಿಸು, ಅಪ್ಪನ ಊಟಕ್ಕೆ, ಓಡಾಟಕ್ಕೆ ಆಗುತ್ತದೆ.

ಪರೀಕ್ಷೆ ಬೊಗಳೆ ಅಂತ ನಾನು ಹೇಳುತ್ತಿಲ್ಲ. ಇದರ ಹಿಂದೆ ಗಟ್ಟಿ ವಿಜ್ಞಾನ ಇದೆ. ನಮ್ಮ ಮೈಯಲ್ಲಿ ದಿನವೂ ಜೀವಕೋಶಗಳು ಸಾಯುತ್ತವೆ. ಸಾಯುವಾಗ ಅವುಗಳ ಡಿಎನ್‌ಎ ಚೂರುಚೂರಾಗಿ ರಕ್ತಕ್ಕೆ ಬೀಳುತ್ತದೆ. ಹೀಗೆ ರಕ್ತದಲ್ಲಿ ತೇಲುವ ಡಿಎನ್‌ಎಯನ್ನು ಫ್ರಾನ್ಸಿನ ಮಾಂಡೆಲ್, ಮೆಟೈ ಅನ್ನುವವರು 1948ರಲ್ಲೇ ಗುರುತಿಸಿದ್ದರು. ಗಡ್ಡೆಯ ಕೋಶವೂ ಸಾಯುತ್ತದೆ, ಅದರ ಚೂರೂ ತೇಲುತ್ತದೆ. ಗಡ್ಡೆಯ ಡಿಎನ್‌ಎಯಲ್ಲಿ ಅದರದೇ ಆದ ತಪ್ಪು ಅಕ್ಷರಗಳಿರುತ್ತವೆ. ಆ ತಪ್ಪು ಕಂಡರೆ ಇದು ಗಡ್ಡೆಯದು ಅಂತ ಹೇಳಬಹುದು. ಸಿಟಿ ಡಿಎನ್‌ಎ ಅನ್ನುವುದು ಈ ಚೂರನ್ನೇ. ಒಂದೆರಡು ಗಂಟೆಯೊಳಗೆ ಅರ್ಧ ಕರಗಿಹೋಗುವ ವಸ್ತು ಅದು. ಹಾಗಾಗಿ ಇವತ್ತು ರಕ್ತದಲ್ಲಿ ಕಂಡದ್ದು ಇವತ್ತಿನ ಸುದ್ದಿಯೇ, ಹೋದ ತಿಂಗಳದ್ದಲ್ಲ. ಇದು ಅದರ ದೊಡ್ಡ ಗುಣ.

ಹಿತ್ತಿಲಿಗೆ ಹಾರಿಬಂದ ಎಲೆ ನೋಡಿ ಪಕ್ಕದ ತೋಟದಲ್ಲಿ ಹಲಸಿನ ಮರ ಇದೆ ಅನ್ನಬಹುದು. ಎಲೆ ಹಾರಿಬರಲಿಲ್ಲ ಅಂತ ಮರವೇ ಇಲ್ಲ ಅನ್ನುವ ಹಾಗಿಲ್ಲ. ನೀನು ಎಡವುವುದು ಈ ಎರಡನೆಯ ಮಾತಿನಲ್ಲೇ.

ಆಸ್ಟ್ರೇಲಿಯಾದ ಜೀನ್ ಟೈ ಮತ್ತು ಅವರ ಜೊತೆಗಾರರು ಮುಂದುವರಿದ ಹಂತದ ಗುದನಾಳದ ಕ್ಯಾನ್ಸರ್ ಇದ್ದ 159 ಮಂದಿಯ ರಕ್ತವನ್ನು ಮೂರು ಸಲ ತೆಗೆದು ನೋಡಿದರು. ಚಿಕಿತ್ಸೆ ಶುರುವಾಗುವ ಮುಂಚೆ ಒಮ್ಮೆ, ಕರೆಂಟು (ವಿಕಿರಣ ಚಿಕಿತ್ಸೆ) ಮತ್ತು ಕೀಮೋ ಮುಗಿದ ಮೇಲೆ ಒಮ್ಮೆ, ಆಪರೇಷನ್ ಆದ ಮೇಲೆ ಒಮ್ಮೆ. ಮೊದಲ ಸಲ ಗಡ್ಡೆಯ ಡಿಎನ್‌ಎ ಕಂಡದ್ದು ನೂರಕ್ಕೆ 77 ಮಂದಿಯಲ್ಲಿ. ಸ್ವಲ್ಪ ನಿಲ್ಲು, ಓಡಬೇಡ. ಅಂದರೆ ನೂರಕ್ಕೆ 23 ಮಂದಿಯ ಒಳಗೆ ಗಡ್ಡೆ ಕಣ್ಣಿಗೆ ಕಾಣುವಂತೆ ಕೂತಿದ್ದರೂ ರಕ್ತ ಏನನ್ನೂ ಹೇಳಲಿಲ್ಲ. ಕರೆಂಟು ಮುಗಿದ ಮೇಲೆ ಎರಡನೇ ಸಲ ನೋಡಿದರೆ ನೂರಕ್ಕೆ 8.3 ಮಂದಿಯಲ್ಲಿ ಮಾತ್ರ ಕಂಡಿತು. ಉಳಿದವರಿಗೆಲ್ಲ ಗಡ್ಡೆ ಕರಗಿಹೋಗಿತ್ತೇ? ಇಲ್ಲ ಮಗು. ಕರೆಂಟು ಕೊಟ್ಟು ಆಪರೇಷನ್ ಮಾಡಿ ತೆಗೆದ ಕರುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲು ಜನರಲ್ಲಿ ಒಂದಿಷ್ಟಾದರೂ ಗಡ್ಡೆ ಉಳಿದೇ ಇರುತ್ತದೆ. ಕರೆಂಟಿನ ಏಟಿಗೆ ಕೋಶಗಳು ಕುಗ್ಗಿರುತ್ತವೆ, ಚೂರು ಉದುರಿಸುವುದು ಕಡಿಮೆಯಾಗಿರುತ್ತದೆ, ಅಷ್ಟೆ.

ಆದ್ದರಿಂದ ರಕ್ತದಲ್ಲಿ ಏನೂ ಇಲ್ಲ, ಆಪರೇಷನ್ ಬಿಡೋಣ ಅನ್ನುವ ಮಾತನ್ನು ಬಾಯಿಗೂ ತರಬೇಡ. ಆಪರೇಷನ್ ಬಿಡುವ ದಾರಿ ಬೇರೆ ಇದೆ. ಬ್ರೆಜಿಲ್ಲಿನ ಸಾವೊ ಪಾಲೊದಲ್ಲಿ ಆಂಜೆಲಿಟಾ ಹಬ್ರ್ ಗಾಮಾ ಅನ್ನುವ ಶಸ್ತ್ರವೈದ್ಯೆ ಆ ದಾರಿ ತೋರಿದರು. ಕರೆಂಟು, ಕೀಮೋ ಮುಗಿದ ಮೇಲೆ ಗಡ್ಡೆ ಪೂರ್ತಿ ಮಾಯವಾದವರಿಗೆ ಕತ್ತರಿ ಹಾಕದೆ ಕಾದು ನೋಡಿದರು. 2004ರಲ್ಲಿ ಅವರ ಫಲಿತಾಂಶ ಅಚ್ಚಾದಾಗ ನಮ್ಮ ಕಸುಬಿನ ಎಷ್ಟೋ ಜನ ಹುಬ್ಬು ಗಂಟಿಕ್ಕಿದರು. ಈಗ ಅದು ಜಗತ್ತಿನಾದ್ಯಂತ ಒಪ್ಪಿದ ದಾರಿ. ಹೊಟ್ಟೆಯ ಮೇಲೆ ಮಲದ ಚೀಲ ಹೊತ್ತು ಬಾಳಬೇಕಲ್ಲ ಅಂತ ನಡುಗುವ ಅಪ್ಪಂದಿರಿಗೆ ದೊಡ್ಡ ವರ. ಆದರೆ ಅಲ್ಲಿ ಕಾಯುವುದು ಅಂದರೆ ಮನೆಯಲ್ಲಿ ಕೂರುವುದಲ್ಲ. ಮೊದಲ ಎರಡು ವರ್ಷ ಎರಡು ಮೂರು ತಿಂಗಳಿಗೊಮ್ಮೆ ಡಾಕ್ಟರು ಕೈಗವಸು ಹಾಕಿ ಬೆರಳಿಟ್ಟು ನೋಡಬೇಕು, ದುರ್ಬೀನು ಹಾಕಿ ಒಳಗೆ ನೋಡಬೇಕು, ಆಗಾಗ ಎಂಆರ್‌ಐ ಆಗಬೇಕು. ಹಲವು ದೇಶಗಳ 880 ರೋಗಿಗಳ ಲೆಕ್ಕ 2018ರಲ್ಲಿ ಬಂತು. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎರಡು ವರ್ಷದೊಳಗೆ ಗಡ್ಡೆ ಅಲ್ಲೇ ಮತ್ತೆ ಚಿಗುರಿತ್ತು. ಹಾಗೆ ಚಿಗುರಿದ್ದರಲ್ಲಿ ನೂರಕ್ಕೆ 97 ಕರುಳಿನ ಗೋಡೆಯಲ್ಲೇ ಇತ್ತು, ಅಂದರೆ ಬೆರಳಿಗೂ ದುರ್ಬೀನಿಗೂ ಸಿಗುವ ಜಾಗದಲ್ಲಿ. ಸಣ್ಣ ಚಿಗುರು ರಕ್ತಕ್ಕೆ ಚೂರು ಬಿಡುವ ಹೊತ್ತಿಗೆ ತಡವಾಗಿರಬಹುದು. ಅನುಭವವಿರುವ ಬೆರಳು ಅದಕ್ಕೂ ಮುಂಚೆ ಹಿಡಿಯಬಲ್ಲದು. ಅಪ್ಪ ನಾಚಿಕೊಳ್ಳುತ್ತಾರೆ, ಆ ಪರೀಕ್ಷೆ ಬೇಡ, ರಕ್ತದಲ್ಲೇ ನೋಡಿ ಡಾಕ್ಟ್ರೇ ಅಂತ ಗೋಗರೆಯುತ್ತೀಯಲ್ಲ, ಅಪ್ಪನಿಗಿಂತ ಹೆಚ್ಚು ನಾಚಿಕೆ ನಿನಗೇ ಇದ್ದ ಹಾಗಿದೆ!

ಹಾಗಾದರೆ ಈ ರಕ್ತ ಪರೀಕ್ಷೆ ಎಲ್ಲಿ ಕೆಲಸಕ್ಕೆ ಬರುತ್ತದೆ? ಆಪರೇಷನ್ ಆದ ಮೇಲೆ. ಅದೇ 159 ಜನರಲ್ಲಿ ಆಪರೇಷನ್ ನಂತರವೂ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಇದ್ದವರು ನೂರಕ್ಕೆ 12. ಮೂರು ವರ್ಷ ರೋಗ ಮರಳದೆ ಉಳಿದವರನ್ನು ಎಣಿಸಿದರು. ಡಿಎನ್‌ಎ ಕಾಣದವರಲ್ಲಿ ನೂರಕ್ಕೆ 87, ಕಂಡವರಲ್ಲಿ ನೂರಕ್ಕೆ 33. ಎಷ್ಟು ಅಂತರ ನೋಡು. ಗಡ್ಡೆ ತೆಗೆದಾಗಿದೆ, ಸ್ಕ್ಯಾನಿನಲ್ಲಿ ಎಲ್ಲ ಸ್ವಚ್ಛ, ಆದರೂ ಎಲ್ಲೋ ಒಂದು ಕಡೆ ಉಳಿದದ್ದನ್ನು ರಕ್ತ ಹೇಳುತ್ತಿದೆ. ನಮ್ಮ ಕಾಲದಲ್ಲಿ ಇದಕ್ಕೆ ಇದ್ದದ್ದು ಸಿಇಎ ಅನ್ನುವ ಒಂದೇ ರಕ್ತ ಪರೀಕ್ಷೆ, ಆ ವಸ್ತುವನ್ನು ಗುರುತಿಸಿದ್ದು 1965ರಲ್ಲಿ. ಅದು ಬೀಡಿ ಸೇದುವವರಲ್ಲಿ ಸುಮ್ಮನೆ ಏರುತ್ತದೆ, ರೋಗ ಮರಳಿದವರಲ್ಲೂ ಕೆಲವೊಮ್ಮೆ ಏರುವುದೇ ಇಲ್ಲ. ಅಗ್ಗ ಅನ್ನುವ ಕಾರಣಕ್ಕೆ ಇವತ್ತಿಗೂ ಬೇಕು, ಬಿಡಬೇಡ.

ಈಗ ಕೀಮೋ ವಿಷಯಕ್ಕೆ ಬಾ. ಇಲ್ಲಿ ನೀನು ನಿಧಾನವಾಗಿ ಕೇಳಬೇಕು, ಏಕೆಂದರೆ ಇದು ಅಪ್ಪನ ಕೈಬೆರಳಿನ ಪ್ರಶ್ನೆ. ಆಕ್ಸಾಲಿಪ್ಲಾಟಿನ್ ಅಂತ ಒಂದು ಔಷಧ. ಕೊಟ್ಟ ದಿನಗಳಲ್ಲಿ ತಣ್ಣೀರು ಮುಟ್ಟಿದರೆ ಕೈಗೆ ಶಾಕ್ ಹೊಡೆದಂತಾಗುತ್ತದೆ, ತಣ್ಣನೆಯ ಸ್ಟೀಲ್ ಚೊಂಬು ಹಿಡಿಯಲಾಗುವುದಿಲ್ಲ. ಅದು ಹೋಗುತ್ತದೆ. ಆದರೆ ಡೋಸು ಸೇರುತ್ತಾ ಹೋದ ಹಾಗೆ ಕೈಕಾಲಿನ ತುದಿಗೆ ಜೋಮು ಹಿಡಿಯುತ್ತದೆ, ಕೆಲವರಿಗೆ ಅದು ವರ್ಷಗಟ್ಟಲೆ ಬಿಡುವುದಿಲ್ಲ. ಹೂ ಕಟ್ಟಿ ಮಾರುತ್ತಿದ್ದ ಒಬ್ಬ ತಾಯಿ ನನ್ನಲ್ಲಿಗೆ ಬರುತ್ತಿದ್ದಳು. ರೋಗ ಮರಳಿರಲಿಲ್ಲ, ಅದೊಂದು ಸಮಾಧಾನ. ಆದರೆ ಬೆರಳಿಗೆ ನೂಲು ತಾಕಿದ್ದೇ ತಿಳಿಯುತ್ತಿರಲಿಲ್ಲ. ಮಲ್ಲಿಗೆ ಮೊಗ್ಗು ಜಾರಿ ಜಾರಿ ಮಡಿಲಿಗೆ ಬೀಳುತ್ತಿತ್ತು. ಮೊದಲು ಗಿರಾಕಿಯ ಜೊತೆ ಚೌಕಾಸಿ ಮಾಡುತ್ತಾ ಹೂವಿನ ಕಡೆ ನೋಡದೆಯೇ ಮಾರುಗಟ್ಟಲೆ ಕಟ್ಟುತ್ತಿದ್ದವಳು, ಆಮೇಲೆ ಒಂದೊಂದು ಗಂಟಿಗೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಕೀಮೋದಿಂದ ಆಕೆಗೆ ಲಾಭವಾಗಿತ್ತೇ, ಇಲ್ಲದಿದ್ದರೂ ಆಕೆ ಉಳಿಯುತ್ತಿದ್ದಳೇ ಅಂತ ಹೇಳುವ ಸಾಧನ ಆಗ ನಮ್ಮ ಕೈಯಲ್ಲಿರಲಿಲ್ಲ.

ಆ ಸಾಧನ ಈ ರಕ್ತ ಪರೀಕ್ಷೆ ಆಗಬಹುದೇ ಅಂತ ಆಸ್ಟ್ರೇಲಿಯಾದವರೇ ಕೇಳಿದರು. ಮೊದಲು ದೊಡ್ಡ ಕರುಳಿನ ಎರಡನೇ ಹಂತದ ಕ್ಯಾನ್ಸರಿನಲ್ಲಿ. ಡೈನಾಮಿಕ್ ಅನ್ನುವ ಆ ಪ್ರಯೋಗ 455 ಜನರದ್ದು, 2022ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಡಾಕ್ಟರು ಎಂದಿನ ಹಾಗೆ ತೀರ್ಮಾನಿಸಿದರು. ಇನ್ನೊಂದಕ್ಕೆ ಆಪರೇಷನ್ ಆದ ನಾಲ್ಕನೇ ವಾರ ಮತ್ತು ಏಳನೇ ವಾರದ ರಕ್ತ ನೋಡಿ, ಗಡ್ಡೆಯ ಡಿಎನ್‌ಎ ಇದ್ದರೆ ಮಾತ್ರ ಕೀಮೋ ಕೊಟ್ಟರು. ಎಂದಿನ ಗುಂಪಿನಲ್ಲಿ ನೂರಕ್ಕೆ 28 ಜನರಿಗೆ ಕೀಮೋ ಬಿತ್ತು, ರಕ್ತ ನೋಡಿದ ಗುಂಪಿನಲ್ಲಿ 15 ಜನರಿಗೆ. ಎರಡು ವರ್ಷ ರೋಗ ಮರಳದೆ ಇದ್ದವರು ರಕ್ತ ನೋಡಿದ ಗುಂಪಿನಲ್ಲಿ 93.5, ಇನ್ನೊಂದರಲ್ಲಿ 92.4. ಕೀಮೋ ಬೇಕಾದವರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದರು, ಜೀವಕ್ಕೆ ಕುಂದಾಗಲಿಲ್ಲ. ಓದಿದಾಗ ನನಗೆ ಆ ಹೂವಿನ ತಾಯಿಯೇ ನೆನಪಾದಳು.

ನೀನು ಆಗಲೇ ಆ ಅಂಕಿಯನ್ನು ಸ್ಕ್ರೀನ್‌ಶಾಟ್ ಮಾಡಿ ಮನೆಯ ಗ್ರೂಪಿಗೆ ಹಾಕಿದ್ದೀಯ, ನನಗೆ ಗೊತ್ತು. ತಡಿ. ಅದು ದೊಡ್ಡ ಕರುಳು, ನಿನ್ನ ಅಪ್ಪನದು ಗುದನಾಳ. ದೊಡ್ಡ ಕರುಳಿಗೆ ಹೊಟ್ಟೆಯಲ್ಲಿ ಧಾರಾಳ ಜಾಗ. ಗುದನಾಳ ಕಟಿಯ ಮೂಳೆಗಳ ಇಕ್ಕಟ್ಟಿನಲ್ಲಿ, ಮೂತ್ರಕೋಶಕ್ಕೂ ನರಗಳಿಗೂ ಅಂಟಿಕೊಂಡು ಕೂತಿರುತ್ತದೆ. ರೋಗ ಮರಳುವ ರೀತಿ ಬೇರೆ, ಚಿಕಿತ್ಸೆಯ ಕ್ರಮ ಬೇರೆ. ಗುದನಾಳಕ್ಕೇ ಅಂತ ಅವರು ಇನ್ನೊಂದು ಪ್ರಯೋಗ ಶುರುಮಾಡಿದರು. ಅಂದುಕೊಂಡಷ್ಟು ಜನ ಸೇರುವ ಮೊದಲೇ ಕೋವಿಡ್ ಬಂತು, 230 ಜನರಿಗೇ ನಿಲ್ಲಿಸಬೇಕಾಯಿತು. ಅಲ್ಲೂ ಆಪರೇಷನ್ ನಂತರದ ಕೀಮೋ ಇಳಿಯಿತು, ನೂರಕ್ಕೆ 77ರಿಂದ 46ಕ್ಕೆ. ಆದರೆ ಕೀಮೋ ಬಿಟ್ಟವರಿಗೆ ಒಂದಿಷ್ಟೂ ಹಾನಿಯಾಗಲಿಲ್ಲ ಅಂತ ಎದೆ ತಟ್ಟಿ ಹೇಳಲು ಅಷ್ಟು ಜನ ಸಾಲದು. ಹಾಗಾಗಿ ಗುದನಾಳದಲ್ಲಿ ಇದು ಡಾಕ್ಟರ ತೂಗುವಿಕೆಗೆ ಸೇರುವ ಒಂದು ಸಂಗತಿ. ಎಂಆರ್‌ಐ ಏನು ಹೇಳಿತು, ತೆಗೆದ ಕರುಳಿನಲ್ಲಿ ದುಗ್ಧಗ್ರಂಥಿಗಳಿಗೆ ರೋಗ ಹರಡಿತ್ತೇ, ಅಂಚು ಸ್ವಚ್ಛವಾಗಿತ್ತೇ, ಅಪ್ಪನಿಗೆ ಸಕ್ಕರೆ ಕಾಯಿಲೆಯ ಜೋಮು ಮೊದಲೇ ಇದೆಯೇ, ಇವೆಲ್ಲದರ ಜೊತೆಗೆ ಇದನ್ನೂ ಇಟ್ಟು ನೋಡಬೇಕು. ಗ್ರಂಥಿಗಳಲ್ಲಿ ರೋಗ ಇದ್ದೂ ರಕ್ತದಲ್ಲಿ ಏನೂ ಕಾಣದಿದ್ದರೆ ಏನು ಮಾಡುತ್ತೀರಿ ಅಂತ ಡಾಕ್ಟರನ್ನು ಕೇಳು. ಅವರು ಸ್ವಲ್ಪ ಹೊತ್ತು ಯೋಚಿಸಿ ಉತ್ತರ ಕೊಟ್ಟರೆ ಒಳ್ಳೆಯ ಡಾಕ್ಟರು ಸಿಕ್ಕಿದ್ದಾರೆ ಅಂತ ತಿಳಿ.

ಪಾಸಿಟಿವ್ ಬಂದರೆ ಮನೆಯಲ್ಲಿ ಗೋಳಾಟ ಶುರುವಾಗುತ್ತದೆ. ರಾತ್ರಿ ಹತ್ತಕ್ಕೆ ಫೋನಿಗೆ ವರದಿ ಬರುತ್ತದೆ, ಹನ್ನೊಂದಕ್ಕೆ ಅಮ್ಮ ದೇವರ ಮುಂದೆ ಕೂತಿರುತ್ತಾಳೆ. ಹೀಗೆ ಮಾಡಬೇಡ. ಅಮೆರಿಕದಲ್ಲಿ ಕೋಬ್ರಾ ಅನ್ನುವ ಪ್ರಯೋಗ ನಡೆಯಿತು, ಅದೂ ದೊಡ್ಡ ಕರುಳಿನದ್ದೇ. ರಕ್ತ ಪಾಸಿಟಿವ್ ಇದ್ದವರಲ್ಲಿ ಸುಮ್ಮನೆ ಗಮನಿಸಿದ 7 ಜನರ ಪೈಕಿ 3 ಜನರ ರಕ್ತ ಆರು ತಿಂಗಳಲ್ಲಿ ತಾನಾಗಿ ನೆಗೆಟಿವ್ ಆಯಿತು. ಕೀಮೋ ಕೊಟ್ಟ 9 ಜನರಲ್ಲಿ ಆದದ್ದು ಒಬ್ಬರಿಗೆ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಅಂದರೆ ಆ ಪರೀಕ್ಷೆಗೆ ಇಲ್ಲದ್ದೂ ಇದ್ದಂತೆ ಕಂಡಿರಬಹುದು. ವಯಸ್ಸಾದವರ ಬಿಳಿ ರಕ್ತಕಣಗಳಲ್ಲೂ ಡಿಎನ್‌ಎ ತಪ್ಪುಗಳು ಹುಟ್ಟುತ್ತವೆ, ಕೆಲವು ಪರೀಕ್ಷೆಗಳು ಅವನ್ನೇ ಗಡ್ಡೆಯದು ಅಂದುಕೊಳ್ಳುತ್ತವೆ. ಪಾಸಿಟಿವ್ ಬಂದರೆ ಇನ್ನೊಮ್ಮೆ ಮಾಡಿಸಬೇಕೇ ಅಂತ ಕೇಳಿಯೇ ಕೇಳು. ಇನ್ನೊಂದು ಮಾತನ್ನೂ ಗಟ್ಟಿ ಮನಸ್ಸಿನಿಂದ ಕೇಳಿಸಿಕೋ. ದೊಡ್ಡ ಕರುಳಿನ ಮೂರನೇ ಹಂತದಲ್ಲಿ ರಕ್ತ ಪಾಸಿಟಿವ್ ಇದ್ದವರಿಗೆ ಇನ್ನೂ ಬಲವಾದ ಕೀಮೋ ಕೊಟ್ಟು ನೋಡಿದ್ದಾರೆ, ರೋಗ ಮರಳುವುದು ಅದರಿಂದ ಕಡಿಮೆಯಾಗಲಿಲ್ಲ. ಮುಂಚೆ ತಿಳಿದ ಮಾತ್ರಕ್ಕೆ ಮುಂಚೆ ಗುಣವಾಗುವುದಿಲ್ಲ. ಇದು ನಿನ್ನ ವಯಸ್ಸಿಗೆ ಒಪ್ಪಲು ಕಷ್ಟ. ತಿಳಿದರೆ ಏನಾದರೂ ಮಾಡಿಯೇ ತೀರಬೇಕು ಅಂತ ಕೈ ತುರಿಸುತ್ತದೆ. ಡಾಕ್ಟರಿಗೂ ತುರಿಸುತ್ತದೆ.

ಮಾಡಿಸುವುದೇ ಅಂತ ಆದರೆ ಅಚ್ಚುಕಟ್ಟಾಗಿ ಮಾಡಿಸು. ಆಪರೇಷನ್ ಆದ ಮರುವಾರವೇ ರಕ್ತ ಕೊಡಬೇಡ. ಗಾಯ ಮಾಯುವಾಗ ಮೈಯ ಒಳ್ಳೆಯ ಕೋಶಗಳ ಡಿಎನ್‌ಎ ರಕ್ತದಲ್ಲಿ ತುಂಬಿಕೊಂಡಿರುತ್ತದೆ, ಗಡ್ಡೆಯ ಚೂರು ಅದರಲ್ಲಿ ಮುಳುಗಿಹೋಗುತ್ತದೆ. ನಾಲ್ಕು ವಾರವಾದರೂ ಹೋಗಲಿ. ಬೀದಿ ಕೊನೆಯ ಲ್ಯಾಬಿನಲ್ಲಿ ನೇರಳೆ ಮುಚ್ಚಳದ ಮಾಮೂಲಿ ಟ್ಯೂಬಿಗೆ ತೆಗೆಸಿ, ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿ ಬೆಂಗಳೂರಿಗೆ ಕಳಿಸುವ ಉಪಾಯ ಬೇಡವೇ ಬೇಡ. ಆ ಟ್ಯೂಬಿನ ರಕ್ತವನ್ನು ಕೆಲವೇ ಗಂಟೆಗಳೊಳಗೆ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡಬೇಕು. ತಡವಾದರೆ ಬಿಳಿ ರಕ್ತಕಣ ಒಡೆದು ಎಲ್ಲ ಕಲಸಿಹೋಗುತ್ತದೆ. ದಿನಗಟ್ಟಲೆ ತಡೆಯುವ ಔಷಧ ಹಾಕಿದ ಬೇರೆಯೇ ಟ್ಯೂಬು ಇದೆ, ಪರೀಕ್ಷೆ ಮಾಡುವವರೇ ಕೊಡುತ್ತಾರೆ. ಅದನ್ನು ಕೇಳಿ ಪಡೆ. ಇನ್ನೂ ಒಂದು. ಕೆಲವು ಪರೀಕ್ಷೆಗಳಿಗೆ ಅಪ್ಪನ ಗಡ್ಡೆಯ ತುಣುಕೇ ಬೇಕು. ಅದನ್ನು ಓದಿ ತಪ್ಪು ಅಕ್ಷರ ಯಾವುದು ಅಂತ ತಿಳಿದುಕೊಂಡು ಆಮೇಲೆ ರಕ್ತದಲ್ಲಿ ಅದನ್ನೇ ಹುಡುಕುತ್ತಾರೆ. ಗುದನಾಳದಲ್ಲಿ ಮೊದಲ ಬಯಾಪ್ಸಿ ತುಣುಕು ಚಿಕ್ಕದು, ಕರೆಂಟು ಕೊಟ್ಟ ಮೇಲೆ ಗಡ್ಡೆಯೇ ಸವೆದಿರುತ್ತದೆ. ಮೊದಲ ತುಣುಕಿನ ಮೇಣದ ಬ್ಲಾಕ್ ಯಾವ ಲ್ಯಾಬಿನಲ್ಲಿದೆ ಅಂತ ಇವತ್ತೇ ವಿಚಾರಿಸಿ ಫೈಲಿನಲ್ಲಿ ಬರೆದಿಡು.

ಆ ತುಣುಕಿನ ಮೇಲೆ ಎಂಎಂಆರ್ ಅನ್ನುವ ಪರೀಕ್ಷೆ ಆಗಿದೆಯೇ ಅಂತಲೂ ನೋಡು. ಆಗಿಲ್ಲದಿದ್ದರೆ ದುಬಾರಿ ರಕ್ತ ಪರೀಕ್ಷೆಗಿಂತ ಮುಂಚೆ ಅದನ್ನು ಮಾಡಿಸು. ಗುದನಾಳದ ಕ್ಯಾನ್ಸರುಗಳಲ್ಲಿ ನೂರಕ್ಕೆ 5ರಿಂದ 10ರಲ್ಲಿ ಡಿಎನ್‌ಎ ತಪ್ಪು ತಿದ್ದುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಅಂಥವರಿಗೆ ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಡೋಸ್ಟಾರ್ಲಿಮ್ಯಾಬ್ ಅನ್ನುವ ಇಮ್ಯುನೋಥೆರಪಿ ಔಷಧ ಒಂದನ್ನೇ ಕೊಟ್ಟರು. 2022ರಲ್ಲಿ ವರದಿಯಾದ 12 ಜನರಿಗೂ ಗಡ್ಡೆ ಮಾಯವಾಗಿತ್ತು, ಕರೆಂಟೂ ಇಲ್ಲ, ಕತ್ತರಿಯೂ ಇಲ್ಲ. ನಿನ್ನ ಅಪ್ಪ ಆ ಸಣ್ಣ ಗುಂಪಿನಲ್ಲಿ ಇರಲಿಕ್ಕಿಲ್ಲ. ಇದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ, ನೋಡದೆ ಬಿಡಬಾರದು.

ಇಷ್ಟೆಲ್ಲ ಹೇಳಿಸಿಕೊಂಡೆ. ಒಂದು ಕೇಳುತ್ತೇನೆ, ಅಪ್ಪನನ್ನು ಕೇಳಿದ್ದೀಯಾ? ಬಾಗಿಲ ಹೊರಗೆ ಡಾಕ್ಟರನ್ನು ಹಿಡಿದು "ಅಪ್ಪಂಗೆ ಏನೂ ಹೇಳ್ಬೇಡಿ ಸಾರ್, ತಡ್ಕೊಳಲ್ಲ" ಅಂತ ಪಿಸುಗುಟ್ಟುವ ಮಗು ನೀನು. ಕ್ಯಾನ್ಸರ್ ಆಸ್ಪತ್ರೆಯ ಬೋರ್ಡು ಓದಲು ಅವರಿಗೆ ಬರುತ್ತದೆ. ವರ್ಷಗಟ್ಟಲೆ ಮಲದಲ್ಲಿ ರಕ್ತ ಬೀಳುತ್ತಿದ್ದರೂ ಮೂಲವ್ಯಾಧಿ ಅಂತ ಮಜ್ಜಿಗೆ ಕುಡಿದು ಸುಮ್ಮನಿದ್ದವರು ಅವರು. ನಿನ್ನ ಮದುವೆ, ನಿನ್ನ ಸೈಟಿನ ಕಂತು, ಇದರ ನಡುವೆ ತಮ್ಮದೇಕೆ ಅಂತ ನುಂಗಿಕೊಂಡವರು. ತಡೆದುಕೊಳ್ಳುವ ಶಕ್ತಿ ಆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ಅವರಿಗೇ. ಊಟ ಆದ ಮೇಲೆ ಜಗಲಿಯಲ್ಲಿ ಪಕ್ಕ ಕೂತು ಕೇಳು. ರೋಗ ಮರಳುವ ಸಣ್ಣ ಭಯ ಇಟ್ಟುಕೊಂಡು ಕೀಮೋ ಇಲ್ಲದೆ ಇರಬಲ್ಲರಾ? ಅಥವಾ ಜೋಮು ಹಿಡಿದರೂ ಪರವಾಗಿಲ್ಲ, ಆಗುವುದೆಲ್ಲ ಆಗಿಬಿಡಲಿ ಅನ್ನುತ್ತಾರಾ? ಮೂರು ತಿಂಗಳಿಗೊಮ್ಮೆ ರಕ್ತದ ಫಲಿತಾಂಶಕ್ಕೆ ಕಾಯುವುದು ಅವರಿಗೆ ಧೈರ್ಯ ಕೊಡುತ್ತದಾ, ನಿದ್ದೆ ಕೆಡಿಸುತ್ತದಾ? ಕೆಲವರಿಗೆ ತಿಳಿದಷ್ಟೂ ಒಳ್ಳೆಯದು, ಕೆಲವರಿಗೆ ಬೇಡ. ನೀನು ಯಾವ ಜಾತಿಯ ಮನುಷ್ಯ ಅಂತ ನನಗೆ ಗೊತ್ತು. ಅಪ್ಪ ಯಾವುದು ಅಂತ ನಿನಗೆ ಗೊತ್ತಾ?

ಹೊರಡುವ ಮುಂಚೆ ನಿನ್ನ ವಿಷಯ. ಮುಖ ತಿರುಗಿಸಬೇಡ, ನಿನ್ನದೂ ಒಂದು ವಿಷಯ ಇದೆ. ಅಪ್ಪನಿಗೆ ಬಂದದ್ದರಿಂದ ನಿನಗೂ ನಿನ್ನ ಅಕ್ಕನಿಗೂ ತಮ್ಮನಿಗೂ ಈ ರೋಗದ ಸಂಭವ ಬೇರೆಯವರಿಗಿಂತ ಹೆಚ್ಚು. ನಲವತ್ತಕ್ಕೆ, ಇಲ್ಲವೇ ಅಪ್ಪನಿಗೆ ರೋಗ ಕಂಡ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಎಂಎಂಆರ್ ವರದಿಯಲ್ಲಿ ದೋಷ ಬಂದಿದ್ದರೆ ಇನ್ನೂ ಮುಂಚೆ ಬೇಕಾಗಬಹುದು, ಆಗ ವಂಶವಾಹಿ ಸಲಹೆಗಾರರನ್ನು ಕಾಣು. ಇದನ್ನೂ ರಕ್ತ ಪರೀಕ್ಷೆ ಮಾಡಿಸಿ ತಪ್ಪಿಸಿಕೊಳ್ಳಲು ನೋಡಬೇಡ. ಕೊಲೊನೋಸ್ಕೋಪಿಯಲ್ಲಿ ಇನ್ನೂ ಕ್ಯಾನ್ಸರ್ ಆಗದ ಸಣ್ಣ ಗಂಟನ್ನು, ಅಂದರೆ ಪಾಲಿಪನ್ನು, ಕಂಡಕೂಡಲೇ ಅಲ್ಲೇ ಕಿತ್ತು ತೆಗೆಯುತ್ತಾರೆ. ಹಿಂದಿನ ದಿನ ಆ ಉಪ್ಪುಪ್ಪಾದ ಭೇದಿ ಔಷಧ ಕುಡಿಯಬೇಕು, ರಾತ್ರಿಯೆಲ್ಲ ಓಡಾಡಬೇಕು, ರಜೆ ಹಾಕಬೇಕು. ಹಾಕು. ಫೈಲಿನ ಕೊನೆಯ ಹಾಳೆಯಲ್ಲಿ ನಿಮ್ಮ ಮೂರೂ ಜನರ ಹೆಸರು, ಎದುರಿಗೆ ಕೊಲೊನೋಸ್ಕೋಪಿಯ ವರ್ಷ ಬರೆದಿಟ್ಟು, ಅಕ್ಕನಿಗೆ ಇವತ್ತೇ ಫೋನು ಮಾಡು.